ಲಾಯಕ್ಕೆ ರಜೆಯಿಲ್ಲ

ಮೈಸೂರಿನ ಅರಮನೆಯ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡಾಡುವ ಟಾಂಗಾಗಳನ್ನು ಊರಿನ ಪರಂಪರೆಯೆಂದು ಹೇಳಿಕೊಳ್ಳಲು ನಮಗೆಲ್ಲ ಹೆಮ್ಮೆ. ದಸರೆ ಬಂತೆಂದರೆ ಪಾರಂಪರಿಕ ಟಾಂಗಾ ಸವಾರಿ ನಡೆಯುತ್ತದೆ, ರೇಷ್ಮೆ ಉಟ್ಟ ದಂಪತಿಗಳ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಟಾಂಗಾ ಇರಲಿ ಎನ್ನುವವರೂ ಬೇಡ ಎನ್ನುವವರೂ ಗಾಡಿಯ ಸುತ್ತಲೇ ವಾದ ಹೂಡುತ್ತಾರೆ. ಆ ಗಾಡಿಗೆ ಕಟ್ಟಿದ ಕುದುರೆಯನ್ನು ಬದುಕಿಸಿಕೊಂಡು ಬಂದಿರುವ ಮನೆಗಳ ವಿದ್ಯೆ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ದುಡ್ಡು ಕೊಟ್ಟರೆ ಕುದುರೆ ಬಂದೀತು, ಪ್ರೀತಿಯಿದ್ದರೆ ಸಾಕಬೇಕೆಂಬ ಆಸೆಯೂ ಹುಟ್ಟೀತು. ಆದರೆ ಅದು ಬದುಕುವುದು ದಿನವೂ ತಪ್ಪದೆ ನಡೆಯುವ, ಕಲಿತು ಮಾಡುವ ಆರೈಕೆಯಿಂದ. ಆ ಆರೈಕೆಯನ್ನು ಕಸುಬೆಂದು ಒಪ್ಪಿಕೊಳ್ಳದೆ ಟಾಂಗಾದ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಕುದುರೆಯ ದೇಹರಚನೆಯೇ ಸಾಕುವವರನ್ನು ಕಟ್ಟಿಹಾಕುವಂಥದ್ದು. ಹಸುವಿನಂತೆ ಒಮ್ಮೆ ಮೇದು ಕೂತು ಮೆಲುಕು ಹಾಕುವ ಪ್ರಾಣಿ ಇದಲ್ಲ. ಅಷ್ಟು ದೊಡ್ಡ ಮೈಗೆ ಜಠರ ತೀರ ಚಿಕ್ಕದು, ಸುಮಾರು 8ರಿಂದ 15 ಲೀಟರು ಹಿಡಿದರೆ ಹೆಚ್ಚು. ಮೇವಿದ್ದರೂ ಇಲ್ಲದಿದ್ದರೂ ಅದರಲ್ಲಿ ಆಮ್ಲ ಒಸರುತ್ತಲೇ ಇರುತ್ತದೆ. ಹಾಗಾಗಿ ಹೊಟ್ಟೆ ಬಹಳ ಹೊತ್ತು ಖಾಲಿಯಿರಬಾರದು, ಒಂದೇ ಸಲ ತುಂಬಲೂಬಾರದು. ತಿಂದದ್ದು ಹೆಚ್ಚಾಯಿತೆಂದು ವಾಂತಿ ಮಾಡಿಕೊಳ್ಳಲೂ ಕುದುರೆಗೆ ಆಗದು. ಹುರುಳಿ, ಬೂಸಾ ಸ್ವಲ್ಪ ಹೆಚ್ಚುಕಡಿಮೆಯಾದರೂ ಹೊಟ್ಟೆಶೂಲೆ ಬರಬಹುದು. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ಪದೇಪದೇ ಕತ್ತು ಹೊರಳಿಸಿ ಪಕ್ಕೆಯತ್ತ ನೋಡುತ್ತದೆ, ಬೆವರುತ್ತದೆ, ಬಿದ್ದು ಹೊರಳಾಡುತ್ತದೆ. ವೈದ್ಯರು ಬರುವ ತನಕ ಅದನ್ನು ಮೆಲ್ಲಗೆ ನಡೆಸುತ್ತ ರಾತ್ರಿಯೆಲ್ಲ ಎದ್ದಿರುವುದು ಸಾಕಿದವರ ಪಾಲಿಗೆ ಬಂದದ್ದು. ಮದುವೆ, ಹಬ್ಬ, ಸಾವು, ಏನೇ ಇರಲಿ, ಮನೆಯಲ್ಲೊಬ್ಬರು ಲಾಯದ ಹತ್ತಿರ ಇರಲೇಬೇಕು.

ಇನ್ನು ಗೊರಸು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವ ಅದನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ ಸವರಿ, ಲಾಳ ಬದಲಿಸಬೇಕು. ಲಾಳ ಹೊಡೆಯುವವರು ಕುದುರೆಯ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹಳೆಯ ಮೊಳೆಗಳನ್ನು ಕಿತ್ತು, ಅಂಚನ್ನು ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಹೊಸ ಮೊಳೆ ಇಳಿಯಬೇಕಾದದ್ದು ಗೊರಸಿನ ಹೊರಗೋಡೆಗೆ. ಅದು ನಮ್ಮ ಉಗುರಿನ ತುದಿಯ ಹಾಗೆ ನೋವು ತಿಳಿಯದ ಭಾಗ. ಅಲ್ಲಿಂದ ಕೂದಲೆಳೆಯಷ್ಟು ಒಳಕ್ಕೆ ಸರಿದರೆ ಮೊಳೆ ಜೀವವಿರುವ ಮಾಂಸಕ್ಕೆ ನಾಟಿ, ಕೀವಾಗಿ, ಕುದುರೆ ಕುಂಟುತ್ತದೆ. ಸುತ್ತಿಗೆಯ ಸದ್ದು ಗಟ್ಟಿಯಾಗಿದೆಯೋ ಮೆತ್ತಗಾಯಿತೋ ಎಂಬುದರಿಂದಲೇ ಮೊಳೆ ಹೋಗುತ್ತಿರುವ ದಾರಿಯನ್ನು ತಿಳಿಯುವ ಕೈಗಳು ಈಗ ಕಡಿಮೆಯಾಗುತ್ತಿವೆ. ಟಾಂಗಾ ಕಡಿಮೆಯಾದಂತೆ ಈ ಕೆಲಸಕ್ಕೆ ಗಿರಾಕಿ ಇಲ್ಲ, ಗಿರಾಕಿ ಇಲ್ಲದ ಕೆಲಸವನ್ನು ಮಕ್ಕಳಿಗೆ ಕಲಿಸಲು ಯಾರಿಗೆ ಮನಸ್ಸು ಬಂದೀತು?

ಆರೈಕೆ ಇಲ್ಲದಿದ್ದರೆ ಹಣ ಎಷ್ಟಿದ್ದರೂ ವ್ಯರ್ಥ ಎನ್ನುವುದಕ್ಕೆ ದಕ್ಷಿಣ ಭಾರತದ ಚರಿತ್ರೆಯೇ ಸಾಕ್ಷಿ. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿನ ಅರಸರು ಪ್ರತಿವರ್ಷ ಅಪಾರ ಹಣ ಸುರಿದು ಸಾವಿರಾರು ಕುದುರೆ ತರಿಸುತ್ತಿದ್ದರೆಂದೂ, ಸಾಕಲು ಬಲ್ಲವರಿಲ್ಲದೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವೆಂದೂ ಬರೆದಿದ್ದಾನೆ. ವಿಜಯನಗರದ ಅರಸ ಸಾಳುವ ನರಸಿಂಹ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ವರ್ತಕರಿಗೆ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸುತ್ತಾನೆ. ಅರಬ್ಬೀ ಕುದುರೆಗಾಗಿ ಅರಸರು ಅಷ್ಟು ಹಂಬಲಿಸುತ್ತಿದ್ದರು. ಕನ್ನಡದಲ್ಲಿ ಅಭಿನವಚಂದ್ರ ಕುದುರೆಗಳ ವೈದ್ಯಕ್ಕೆಂದೇ ಗ್ರಂಥ ಬರೆದ ಹಿನ್ನೆಲೆಯೂ ಇದರಿಂದ ಅರ್ಥವಾಗುತ್ತದೆ. ತರಿಸಿಕೊಳ್ಳುವುದಷ್ಟೇ ಸಾಲದು, ಉಳಿಸಿಕೊಳ್ಳುವುದನ್ನೂ ಕಲಿಯಬೇಕಿತ್ತು. ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿ ನಡೆದುಬಂದ ಕುದುರೆ ಫಾರಂನ ಬೆನ್ನಿಗೆ ಸರ್ಕಾರವಿತ್ತು. ಟಾಂಗಾ ಹೊಡೆಯುವವರ ಲಾಯಕ್ಕೆ ಅಂಥ ಆಸರೆ ಯಾವುದಿದೆ?

ಕುದುರೆಯನ್ನು ಅಷ್ಟು ಪ್ರೀತಿಸುವವರು ಅದಕ್ಕೆ ಗಾಡಿ ಕಟ್ಟುವುದೇಕೆ ಎಂದು ಪ್ರಾಣಿದಯೆಯುಳ್ಳವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಭುಜದ ಮೇಲೆ ಹುಣ್ಣಿದ್ದರೂ ಗಾಡಿ ಕಟ್ಟುವವರು, ಕುಂಟುವುದನ್ನು ಹೊಡೆದು ಓಡಿಸುವವರು ಇದ್ದಾರೆ. ಮುಂಬೈ ಹೈಕೋರ್ಟು 2015ರಲ್ಲಿ ಅಲ್ಲಿನ ವಿಕ್ಟೋರಿಯಾ ಕುದುರೆಗಾಡಿಗಳನ್ನು ಕಾನೂನುಬಾಹಿರವೆಂದು ಹೇಳಿದ್ದು ಸುಮ್ಮನೆ ಅಲ್ಲ. ಆದರೆ ಗಾಡಿ ಎಳೆಯುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳು ಆಗಲೇ ಸಾಕಷ್ಟು ಹೇಳಿವೆ: ದಿನಕ್ಕೆ 9 ಗಂಟೆ ಮೀರಬಾರದು, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟಬಾರದು. ಇವನ್ನು ನಿಷ್ಠೆಯಿಂದ ಜಾರಿ ಮಾಡಿದರೆ ಒಳ್ಳೆಯ ಸಾಕಣೆದಾರ ಉಳಿಯುತ್ತಾನೆ, ಕೆಟ್ಟವನು ಬಿಡಬೇಕಾಗುತ್ತದೆ. ಪೂರಾ ನಿಷೇಧಿಸಿದರೆ ಇಬ್ಬರ ಸಂಪಾದನೆಯೂ ಒಂದೇ ದಿನ ನಿಲ್ಲುತ್ತದೆ, ಕುದುರೆಯ ಹಸಿವು ಮಾತ್ರ ಹಾಗೇ ಇರುತ್ತದೆ.

ಬಡವರಿಗೆ ಕುದುರೆಯ ಸಹವಾಸವೇಕೆ, ಆಟೊ ಕೊಂಡರಾಗದೇ ಎಂಬ ಇನ್ನೊಂದು ಮಾತಿದೆ. ಲೆಕ್ಕದ ದೃಷ್ಟಿಯಿಂದ ಅದು ನಿಜವೇ. ಸವಾರಿ ಇಲ್ಲದ ದಿನ ಆಟೊ ಪೆಟ್ರೋಲು ಕೇಳುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಪ್ರವಾಸಿಗರೇ ಇಲ್ಲದಿದ್ದಾಗಲೂ ಕುದುರೆಗಳಿಗೆ ಹೊತ್ತುಹೊತ್ತಿಗೆ ಮೇವು ಬೇಕಾಗಿತ್ತು. ಆದರೆ ಹೊಸದಾಗಿ ಕೊಳ್ಳುವವರಿಗೆ ಹೇಳಬಹುದಾದ ಈ ಬುದ್ಧಿಮಾತು, ಈಗಾಗಲೇ ಸಾಕಿಕೊಂಡಿರುವವರ ಕೈಗೆ ಏನನ್ನೂ ಕೊಡುವುದಿಲ್ಲ. ಕುದುರೆ 25 ವರ್ಷ ಬದುಕಬಹುದು. ದುಡಿಯುವ ಕಸುವು ಅದಕ್ಕೆ ಎಷ್ಟೋ ಮೊದಲೇ ಮುಗಿಯುತ್ತದೆ. ಆಮೇಲಿನ ವರ್ಷಗಳು ಬರೀ ಖರ್ಚಿನವು. ಮುದಿ ಕುದುರೆಯನ್ನು ಬೀದಿಗೆ ಬಿಟ್ಟವರನ್ನು ನಾವು ಬೈಯುತ್ತೇವೆ, ಬೈಯಲೂ ಬೇಕು. ಇನ್ನೊಂದು ಕುದುರೆಯ ದುಡಿಮೆಯಲ್ಲಿ, ಮನೆಯವರ ಊಟದ ಖರ್ಚಿನಲ್ಲಿ ಉಳಿಸಿ ಮುದಿಯದನ್ನೂ ಸಾಕುವವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಸೇವೆ ಎನ್ನುವ ಮಾತು ನಿಜವಾಗಿ ಒಪ್ಪುವುದು ಅವರಿಗೆ.

ಟಾಂಗಾ ನಿಲ್ದಾಣಕ್ಕೆ ನೀರಿನ ತೊಟ್ಟಿ, ನೆರಳು, ವಾರಕ್ಕೊಮ್ಮೆ ಪಶುವೈದ್ಯರ ಭೇಟಿ, ಲಾಳದ ಕೆಲಸ ಕಲಿಯುವ ಹುಡುಗರಿಗೆ ತರಬೇತಿ ಭತ್ಯೆ, ಮುದಿ ಕುದುರೆಗೆ ಮೇವಿನ ನೆರವು: ಇವು ದಸರೆಯ ಖರ್ಚಿನ ಮುಂದೆ ದೊಡ್ಡ ಮೊತ್ತವಾಗಲಾರವು. ಸವಾರಿ ಹೋಗುವವರಿಗೂ ಕೆಲಸವಿದೆ. ಗಾಡಿ ಹತ್ತುವ ಮೊದಲು ಕುದುರೆಯ ಮುಂದೆ ನಿಂತು ಕಡಿವಾಣ ತಾಗುವ ಬಾಯಿಯ ಅಂಚು, ಪಟ್ಟಿ ಉಜ್ಜುವ ಭುಜ, ನಾಲ್ಕೂ ಗೊರಸು ನೋಡಿ. ಗಾಯವಿದ್ದರೆ ಹತ್ತಬೇಡಿ. ಎಲ್ಲ ಚೊಕ್ಕಟವಾಗಿದ್ದರೆ, ಕೇಳಿದ ಬಾಡಿಗೆಯಲ್ಲಿ ಚೌಕಾಸಿ ಮಾಡದೆ ಕೊಡಿ.