ತಾತನ ಕುಣಿತಕ್ಕೆ ಎರಡು ಡಿಸ್ಕ್

ಪಾವಗಡದ ಅಜ್ಜಿ ಮನೆಯಲ್ಲಿರುವುದು ಟಿವಿ, ಹಳೇ ಡಿವಿಡಿ ಪ್ಲೇಯರ್ ಅಷ್ಟೆ. ತೀರಿಹೋದ ತಾತ ಕೊರಟಗೆರೆ ಕಡೆ ಕಟ್ಟಿದ್ದ ಮೂಡಲಪಾಯ ಯಕ್ಷಗಾನದ ವೇಷ ನನ್ನ ಲ್ಯಾಪ್‌ಟಾಪ್‌ನಲ್ಲಿತ್ತು. ಮೂರು ಗಂಟೆಯ ಎಂಪಿ4 ಫೈಲ್, 3.5 ಜಿಬಿ. ಡಿಸ್ಕ್ 4.7 ಜಿಬಿ. ಹಿಡಿಸುತ್ತದಲ್ಲ ಅಂತ ಹಾಗೇ ಬರ್ನ್ ಮಾಡಿ ಒಯ್ದೆ. ಪ್ಲೇಯರ್ ಓದಲೇ ಇಲ್ಲ.

‘ಎಲ್ಲೋ ನಿಮ್ಮ ತಾತ?’ ಅಂದರು ಅಜ್ಜಿ.

ಎಂಪಿ4 ಬರೀ ಚೀಲ. ಅದರೊಳಗಿದ್ದದ್ದು ಎಚ್.264 ಕಂಪ್ರೆಷನ್. ಹಳೇ ಪ್ಲೇಯರ್‌ಗೆ ಗೊತ್ತಿರುವುದು 1990ರ ದಶಕದ ಎಂಪೆಗ್-2. ಅಷ್ಟೇ ಸ್ಪಷ್ಟತೆಗೆ ಅದು ಸುಮಾರು ದುಪ್ಪಟ್ಟು ಜಾಗ ಕೇಳುತ್ತದೆ! ಬಿಇ ಓದುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಫೈಲ್ ಸೈಜ್ ಎಂದರೆ ಬಿಟ್‌ರೇಟನ್ನು ಅವಧಿಯಿಂದ ಗುಣಿಸಿದ್ದು. ಮೂರು ಗಂಟೆ, 10,800 ಸೆಕೆಂಡ್. ಒಂದೇ ಡಿಸ್ಕ್‌ಗೆ ತುರುಕಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸಿಗುವುದು ಸುಮಾರು 3.4 ಮೆಗಾಬಿಟ್. ಕಂಪ್ರೆಷನ್ ಮುಖ್ಯವಾಗಿ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಬದಲಾದದ್ದನ್ನು ಬರೆದಿಡುತ್ತದೆ. ಭಾಗವತರು ನಿಂತು ಹಾಡುವಾಗ ಅಷ್ಟು ಸಾಕು. ತಾತ ಗಿರಗಿರ ತಿರುಗಿದಾಗ ಮುಖವೆಲ್ಲ ಚೌಕ ಚೌಕ.

ಮಧುಗಿರಿಯಲ್ಲಿ ಮೂರು ಅಂಗಡಿ ಸುತ್ತಿ ಇನ್ನೆರಡು ಖಾಲಿ ಡಿವಿಡಿ ತಂದೆ. (ಈಗ ಕೇಳಿದರೆ ಅಂಗಡಿಯವರು ನಗುತ್ತಾರೆ.) ಎಂಪೆಗ್-2ಗೆ ಬದಲಿಸಿ, ಒಂದೂವರೆ ಗಂಟೆಯಂತೆ ಎರಡಕ್ಕೂ ಹಂಚಿದೆ. ಬಿಟ್‌ರೇಟ್ ದುಪ್ಪಟ್ಟಾಯಿತು, ತಾತನ ಮುಖ ನಿಂತಿತು. ಅರ್ಧಕ್ಕೆ ಡಿಸ್ಕ್ ಬದಲಿಸುವುದನ್ನು ಅಜ್ಜಿಗೆ ಕಲಿಸಿ ಬಂದಿದ್ದೇನೆ.