'ಉಧೋ': ಒಂದು ಘೋಷಪದದ ಅರ್ಥವ್ಯಾಪ್ತಿ

ಸ್ತುತಿ, ಹೊಗಳಿಕೆ, ಕೊಂಡಾಟ ಮುಂತಾದ ಪದಗಳು ಹೊಗಳುವ ಕ್ರಿಯೆಗೆ ಇಟ್ಟ ಹೆಸರುಗಳು. 'ಉಧೋ' ಎಂಬ ಘೋಷಪದದ ರೀತಿಯೇ ಬೇರೆ. ಅದನ್ನು ಉಚ್ಚರಿಸುವುದೇ ಹೊಗಳುವುದು.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂತಹ ಕಾರ್ಖಾನೆಗಳ ನೆಲೆಗಳು ಬೆಳೆದಿದ್ದರೂ ಈ ಸೀಮೆಯು ಸವದತ್ತಿ ಎಲ್ಲಮ್ಮನ ಭಕ್ತಿವಲಯಕ್ಕೆ ಸೇರಿದುದಾಗಿದೆ. ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿ.ಮೀ. ದೂರ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಭಂಡಾರ ಹಾರಿಸುವಾಗ, ಪಡ್ಡಲಗಿ ತುಂಬಿಸುವಾಗ ಒಬ್ಬರು 'ಎಲ್ಲಮ್ಮ ನಿನ್ನಾಲ್ಕು ಉಧೋ' ಎಂಬಂತೆ ಘೋಷವನ್ನು ಎತ್ತುತ್ತಾರೆ; ನೆರೆದವರು 'ಉಧೋ' ಎಂದು ಓಗೊಡುತ್ತಾರೆ. ಈ ಓಗೊಡುವಿಕೆಯಿಲ್ಲದೆ ಘೋಷವು ಪೂರ್ಣವಾಗದು. ಜೋಗತಿಯರ ಹಾಡುಗಳನ್ನು ಮುದ್ರಿಸುವಾಗ ಇದನ್ನು ಬರಿಯ ಪಲ್ಲವಿಯೆಂದು ಒಮ್ಮೆ ನಮೂದಿಸಿ ಬಿಟ್ಟರೆ, ಎತ್ತಿದವರು ಯಾರು, ಓಗೊಟ್ಟವರು ಯಾರು ಎಂಬ ಮುಖ್ಯ ಸಂಗತಿಯೇ ಕಳೆದುಹೋಗುತ್ತದೆ.

ಮರಾಠಿಯಲ್ಲಿ ತುಳಜಾಭವಾನಿಯ ಭಕ್ತರು 'ಉದೋ' ಎನ್ನುತ್ತಾರೆ. ಇದನ್ನು ಸಂಸ್ಕೃತದ 'ಉದಯ' ಶಬ್ದಕ್ಕೆ ಸಂಬಂಧಿಸಿ ಹೇಳುವುದು ವಾಡಿಕೆ. ಏಳ್ಗೆ, ಉತ್ಕರ್ಷ ಎಂಬ ಅರ್ಥ ಆಗ ಒದಗುತ್ತದೆ. ಅದೇ ಮರಾಠಿಯಲ್ಲಿ 'ಉದೋ ಉದೋ' ಮಾಡುವುದೆಂದರೆ ಅತಿಯಾಗಿ ಹೊಗಳುವುದು ಎಂಬ ವ್ಯಂಗ್ಯಾರ್ಥವೂ ಉಂಟು. ದಕ್ಷಿಣದಲ್ಲಿ ಮಲೆಯ ಮಾದೇಶ್ವರನ ಒಕ್ಕಲು ಕೂಗುವ 'ಉಘೇ' ಎಂಬುದಕ್ಕೆ ವಚನಗಳಷ್ಟು ಹಿಂದಿನ ಪ್ರಯೋಗವಿದೆ. ಬಳಕೆಯಲ್ಲಿ ಎರಡೂ ಸಮಾನವಾಗಿದ್ದರೂ ಕೇವಲ ಧ್ವನಿಸಾಮ್ಯದಿಂದ ಅವನ್ನು ಒಂದೇ ಮೂಲಕ್ಕೆ ಸೇರಿಸುವುದು ಅವಸರದ ತೀರ್ಮಾನವಾದೀತು.

ವ್ಯುತ್ಪತ್ತಿಗಿಂತ ಗಂಭೀರವಾದ ಪ್ರಶ್ನೆಯೊಂದಿದೆ. ಹೆಚ್ಚಾಗಿ ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟುವಾಗಲೂ ಮೊಳಗಿದುದು ಇದೇ ಉಧೋ. ದೇವಿಯನ್ನು ಎತ್ತರಿಸಿದ ಶಬ್ದವು ಆ ಮಕ್ಕಳ ಬದುಕಿನ ಮೇಲೆ ಮುದ್ರೆಯನ್ನೂ ಒತ್ತಿತು. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲಿ, ಅನಂತರ ಕರ್ನಾಟಕದಲ್ಲಿ 1982ರ ಅಧಿನಿಯಮದ ಮೂಲಕ ಸಮರ್ಪಣೆ ನಿಷೇಧಗೊಂಡಿತು. ಕಾನೂನು ಆಚರಣೆಯನ್ನು ನಿಷೇಧಿಸಿತು. ಘೋಷವನ್ನು ನಿಷೇಧಿಸಲಿಲ್ಲ, ನಿಷೇಧಿಸಬೇಕಾಗಿಯೂ ಇರಲಿಲ್ಲ. ಏಕೆಂದರೆ ಸಮಾಜವು ದೂರವಿಟ್ಟ ಜೋಗತಿಯರಿಗೆ, ನಾಲ್ಕು ಜನರು ತಮ್ಮ ದನಿಗೆ ದನಿಗೂಡಿಸುವಂತೆ ಮಾಡುವ ಅಧಿಕಾರವನ್ನು ಕೊಟ್ಟುದೂ ಈ ಒಂದು ಶಬ್ದವೇ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಇಂದು ಈ ಕಲೆ ಸಭಾಂಗಣಗಳ ವೇದಿಕೆಯನ್ನೂ ಏರಿದೆ. ಅಲ್ಲಿ ಉಧೋ ಎಂದಾಗ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೋ, ಓಗೊಡುತ್ತಾರೋ ಎಂಬುದು ಕ್ಷೇತ್ರಕಾರ್ಯದಲ್ಲಿ ದಾಖಲಿಸಿಕೊಳ್ಳಬೇಕಾದ ಸಂಗತಿಯಾಗಿದೆ.