ಚಾಪೆಯ ಕೆಳಗೆ, ರಂಗೋಲಿಯ ಕೆಳಗೆ

ಶಿಕಾರಿಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು ಹೋದ ವರ್ಷ ಬಿ.ಎ. ಹುಡುಗರಿಗೆ ‘ತಿಥಿ’ ಚಿತ್ರ ತೋರಿಸಿದೆ. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಮುಗಿದ ಮೇಲೆ ಸೊರಬದ ಕಡೆಯ ಹುಡುಗನೊಬ್ಬ, ‘ಸಾರ್, ಇದು ಪಿಚ್ಚರ್ ಅಲ್ಲ, ನಮ್ಮೂರಿನ ಪಹಣಿ ಕಥೆ’ ಅಂದ. ಮತ್ತೆ ನಗು. ಆದರೆ ಹಿಂದಿನ ಬೆಂಚಿನ ನಾಲ್ಕೈದು ಮಂದಿ ನಗಲಿಲ್ಲ. ಅವರು ಯಾವ ಕೇರಿಯವರೆಂದು ನನಗೆ ಗೊತ್ತು. ನಾನೂ ಅದೇ ಕೇರಿಯವನು. ಒಂದೇ ಚಿತ್ರ, ಒಂದೇ ಕೋಣೆ. ನಗೆ ಮಾತ್ರ ಯಾಕೆ ಎಲ್ಲರಿಗೂ ಒಂದೇ ಆಗಲಿಲ್ಲ? ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಚಿತ್ರ ನೋಡದವರಿಗಾಗಿ ಎರಡು ಮಾತು. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಸೇರಿ ಬರೆದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ನಡೆಯುವ ಕಥೆ. ಪಾತ್ರಧಾರಿಗಳು ಆ ಸೀಮೆಯ ಹಳ್ಳಿಯವರೇ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ನಡುವೆ ಅಡ್ಡ ಇರುವವನು ತಮ್ಮಣ್ಣನ ಅಪ್ಪ ಗಡ್ಡಪ್ಪ. ಅವನಿಗೆ ಆಸ್ತಿ ಬೇಕಿಲ್ಲ, ಕಾಗದವೂ ಬೇಕಿಲ್ಲ. ಬ್ರಾಂದಿ, ಬೀಡಿ, ತಿರುಗಾಟ ಇದ್ದರೆ ಸಾಕು. ತಮ್ಮಣ್ಣ ಲಂಚ ಕೊಟ್ಟು, ಬದುಕಿರುವ ಅಪ್ಪ ಸತ್ತನೆಂದು ಸರ್ಟಿಫಿಕೇಟು ಮಾಡಿಸುತ್ತಾನೆ. ಕೈಗೆ ಕಾಸು ಕೊಟ್ಟು ಅವನನ್ನು ಊರಿನಿಂದಾಚೆ ಸಾಗಹಾಕುತ್ತಾನೆ. ಗಡ್ಡಪ್ಪ ದೂರ ಹೋಗುವುದೇ ಇಲ್ಲ. ಕುರಿ ಕಾಯುವವರ ಜೊತೆ ಸೇರಿಕೊಳ್ಳುತ್ತಾನೆ. ಹನ್ನೊಂದನೆಯ ದಿನದ ತಿಥಿ ಮುಗಿಯುವಷ್ಟರಲ್ಲಿ ಎಲ್ಲ ಹೂಟವೂ ಮಗುಚಿ ಬೀಳುತ್ತದೆ.

‘ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ’ ಎಂದು ನಮ್ಮಲ್ಲಿ ಗಾದೆ ಇದೆ. ಮೋಸಗಾರನ ಕಥೆಗಳು ಸಾಮಾನ್ಯವಾಗಿ ಈ ಗಾದೆಯ ದಾರಿಯಲ್ಲೇ ನಡೆಯುತ್ತವೆ: ಒಬ್ಬ ಜಾಣನನ್ನು ಅವನಿಗಿಂತ ಜಾಣನಾದ ಇನ್ನೊಬ್ಬ ಮೀರಿಸುತ್ತಾನೆ. ‘ತಿಥಿ’ಯ ವಿಶೇಷವೆಂದರೆ ಅಲ್ಲಿ ರಂಗೋಲಿ ಕೆಳಗೆ ತೂರುವವರು ಯಾರೂ ಇಲ್ಲ. ತಮ್ಮಣ್ಣನನ್ನು ಸೋಲಿಸುವುದು ಜಾಣತನವಲ್ಲ, ಗಡ್ಡಪ್ಪನ ನಿರಾಸೆಯಿಲ್ಲದ ನಿರಾಸಕ್ತಿ. ಏನೂ ಬೇಡದವನನ್ನು ಮೋಸ ಮಾಡುವುದು ಕಷ್ಟ. ಕಾಗದದಲ್ಲಿ ಸತ್ತ ಮನುಷ್ಯ ಬೀಡಿ ಸೇದುತ್ತ ಓಡಾಡುತ್ತಾನೆ; ಆ ಓಡಾಟವೇ ಕಾಗದವನ್ನು ಸುಳ್ಳು ಮಾಡುತ್ತದೆ. ನಗೆ ಹುಟ್ಟುವುದು ಇಲ್ಲಿ.

ನನ್ನ ತಕರಾರೂ ಇಲ್ಲಿಂದಲೇ ಶುರು. ‘ನಂಗೆ ಏನೂ ಬ್ಯಾಡ’ ಅನ್ನಬೇಕಾದರೆ ಮೊದಲು ಏನಾದರೂ ಇರಬೇಕು. ಗಡ್ಡಪ್ಪನ ವೈರಾಗ್ಯದ ಬೆನ್ನಿಗೆ ಅಪ್ಪನ ಕಾಲದ ಹೊಲ ಇದೆ, ಊರಿನ ಮರ್ಯಾದೆ ಇದೆ. ಭೂಮಿಯೇ ಇಲ್ಲದವನು ಇದೇ ಮಾತು ಆಡಿದರೆ ಅದು ವೈರಾಗ್ಯ ಆಗುವುದಿಲ್ಲ, ‘ಗತಿಗೇಡು’ ಅನ್ನಿಸಿಕೊಳ್ಳುತ್ತದೆ. ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯನ್ನು ಇದರ ಪಕ್ಕ ಇಟ್ಟು ನೋಡಿ. ಚೋಮನಿಗೆ ಬೇಕಾದದ್ದು ಬೇಸಾಯಕ್ಕೊಂದು ತುಂಡು ನೆಲ. ಅವನಿಗೆ ಸುಳ್ಳು ಸರ್ಟಿಫಿಕೇಟು ಮಾಡಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳಬೇಕಾಗಿಲ್ಲ. ಕಸಿಯುವುದಕ್ಕೆ ಅವನ ಬಳಿ ಇರುವುದೇನು? ನಮ್ಮ ಸಿನಿಮಾದ ಲೆಕ್ಕ ಹೀಗಿದೆ: ಭೂಮಿ ಇದ್ದವರಿಗೆ ನಗೆ, ಇಲ್ಲದವರಿಗೆ ಕಣ್ಣೀರು. ನಮ್ಮ ಬಗ್ಗೆ ಅಳುವವರು ಬೇಕಾದಷ್ಟಿದ್ದಾರೆ. ನಮ್ಮ ಜೊತೆ ನಗುವವರು ಕಡಿಮೆ.

ಹಾಗಾದರೆ ದಲಿತ ಲೋಕದಲ್ಲಿ ಇಂಥ ನಗೆ ಇಲ್ಲವೇ? ಇದೆ, ಸಾಹಿತ್ಯದಲ್ಲಿದೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಹುಕಾರರ ಮನೆಯಿಂದ ಕದ್ದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ಒಲೆಯ ಸುತ್ತ ಕೂತು ರಾತ್ರಿಯಿಡೀ ತಿಂದು ಮುಗಿಸುತ್ತಾರೆ. ಬೆಳಗ್ಗೆ ಪೊಲೀಸರು ಬಂದಾಗ ಸಿಪ್ಪೆಯ ಗುರುತೂ ಇಲ್ಲ. ಕಾನೂನಿನ ಕಣ್ಣಿಗೆ ಇದು ಅಪರಾಧ. ಓದುಗನಿಗೆ ಅದು ಹಬ್ಬ. ಇಲ್ಲಿ ಕಳ್ಳ ಯಾರು ಎಂಬ ಪ್ರಶ್ನೆಯನ್ನು ಲೇಖಕರು ಬಾಯಿಬಿಟ್ಟು ಕೇಳುವುದಿಲ್ಲ. ಹಸಿವೇ ಅದನ್ನು ಕೇಳುತ್ತದೆ.

ಇನ್ನು ನಮ್ಮ ಮನೆಯ ಕಥೆ. ಸೊರಬ ಎಂದ ಕೂಡಲೇ ಚಳವಳಿಯವರಿಗೆ 1986ರ ಚಂದ್ರಗುತ್ತಿ ನೆನಪಾಗುತ್ತದೆ. ಶಿಕಾರಿಪುರ ಎಂದರೆ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ. ಆದರೆ ಈ ಎರಡು ತಾಲೂಕುಗಳ ದಿನನಿತ್ಯದ ಕಥೆ ಇರುವುದು ಪಹಣಿಯಲ್ಲಿ. ಸೊರಬ ತಾಲೂಕಿನ ನಮ್ಮೂರಿನಲ್ಲಿ ಅಜ್ಜನಿಗೆ ಸರ್ಕಾರದಿಂದ ಎರಡು ಎಕರೆ ಮಂಜೂರಾಗಿತ್ತು. ಮಗಳ ಮದುವೆಗೆಂದು ಊರಿನ ಒಬ್ಬ ದೊಡ್ಡವರ ಹತ್ತಿರ ಸಾಲ ಮಾಡಿದ. ‘ಭೋಗ್ಯದ ಕಾಗದ, ಇಲ್ಲಿ ಒತ್ತು’ ಅಂದರು. ಅಜ್ಜ ಹೆಬ್ಬೆಟ್ಟು ಒತ್ತಿದ. ಅದು ಕ್ರಯಪತ್ರವಾಗಿತ್ತು. ಆಮೇಲೆ ಅದೇ ಗದ್ದೆಗೆ ಅಜ್ಜ ಕೂಲಿಗೆ ಹೋದ.

ಆದರೆ ಚಾಪೆ ಕೆಳಗೆ ತೂರಿದವರಿಗೆ ರಂಗೋಲಿಯೊಂದು ಕಾದಿತ್ತು. ಜನ ‘ಪಿ.ಟಿ.ಸಿ.ಎಲ್.’ ಎಂದು ಕರೆಯುವ ಕಾಯ್ದೆ ಅದು. 1978ರದು, 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಮಂಜೂರಾತಿಯ ಷರತ್ತು ಮೀರಿ ಪರಭಾರೆ ಮಾಡಿದ್ದರೆ, ಅದು ಕಾಯ್ದೆಗೆ ಮೊದಲೇ ಆಗಿದ್ದರೂ, ಆ ವಹಿವಾಟು ಅನೂರ್ಜಿತ. ಆಮೇಲೆ ಮಾರಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಭೋಗ್ಯ, ಗುತ್ತಿಗೆ ಕೂಡ ಪರಭಾರೆಯೇ. ಉಪವಿಭಾಗಾಧಿಕಾರಿ ಜಮೀನು ಬಿಡಿಸಿ ಮೂಲ ಮಂಜೂರಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಕೊಡಬಹುದು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು.

ಇದರಲ್ಲಿರುವ ವ್ಯಂಗ್ಯ ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ. ಬಾಯಿಮಾತಿನಲ್ಲಿ ನುಂಗಿದವನ ಮೇಲೆ ಸಾಕ್ಷಿ ಹುಡುಕುವುದು ಕಷ್ಟ. ಪಕ್ಕಾ ಇರಲಿ ಎಂದು ರಿಜಿಸ್ಟರ್ ಮಾಡಿಸಿದವನು ತಾನೇ ತನ್ನ ಮೇಲೆ ಸಾಕ್ಷಿ ಬರೆಸಿಟ್ಟ ಹಾಗೆ. ಯಾರಿಂದ ಕೊಂಡೆ, ಯಾವ ಸರ್ವೆ ನಂಬರು, ಎಂದು ಕೊಂಡೆ, ಎಲ್ಲ ಅದರಲ್ಲಿದೆ. ಮೋಸ ಎಷ್ಟು ಅಚ್ಚುಕಟ್ಟೋ ಪುರಾವೆ ಅಷ್ಟು ಗಟ್ಟಿ.

ನಾನು ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಸಿನಿಮಾ ಆಗುತ್ತದೆ; ಬದುಕು ಆಗುವುದಿಲ್ಲ. ಅಜ್ಜನಿಗೆ ಇಂಥ ಕಾಯ್ದೆ ಇದೆಯೆಂದೇ ಗೊತ್ತಿರಲಿಲ್ಲ. ಅಪ್ಪ ಅರ್ಜಿ ಹಾಕುವ ಹೊತ್ತಿಗೆ ಅಜ್ಜ ಮಣ್ಣಾಗಿ ವರ್ಷಗಳಾಗಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು ‘ಸಮಂಜಸ ಕಾಲದೊಳಗೆ’ ಕೇಳದೆ ತೀರಾ ತಡವಾಗಿ ಬಂದ ಅರ್ಜಿ ನಿಲ್ಲದು ಎಂದಿತು. ಎದುರು ಪಕ್ಷದ ವಕೀಲರು ಕೇಳಿದ್ದೂ ಅದನ್ನೇ: ‘ಇಷ್ಟು ವರ್ಷ ಏನು ಮಾಡ್ತಿದ್ರಿ?’ ಅದೇ ಗದ್ದೆಯಲ್ಲಿ ಕೂಲಿ ಮಾಡ್ತಿದ್ವಿ ಎಂಬುದು ಉತ್ತರ. ಅದನ್ನು ಬರೆದುಕೊಳ್ಳುವ ಕಾಲಮ್ಮು ಯಾವ ಅರ್ಜಿಯಲ್ಲೂ ಇಲ್ಲ. ಹೋರಾಟದ ಫಲವಾಗಿ 2023ರಲ್ಲಿ ರಾಜ್ಯ ಶಾಸನಸಭೆ ಕಾಲಮಿತಿಯ ಅಡ್ಡಿ ತೆಗೆಯಲು ತಿದ್ದುಪಡಿ ತಂದಿತು. ನಮ್ಮ ಕಡತ ಇನ್ನೂ ನಡೆದಿದೆ.

ಚಿತ್ರವನ್ನು ಮೊಬೈಲಿನಲ್ಲಿ ಅಜ್ಜಿಗೂ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದಳು, ಎರಡು ಕಡೆ ನಕ್ಕಳು. ಕೊನೆಗೆ ಅಂದಳು: ‘ಇವ ದಡ್ಡ ಕಣೋ ತಮ್ಮಾ. ಜಮೀನು ಹೊಡೆಯಾಕೆ ಅಪ್ಪನ್ನ ಸಾಯ್ಸಿ ಬರ್ಸ್ಬೇಕಿತ್ತಾ? ನಿಮ್ಮಜ್ಜನ್ನ ಬದುಕಿದ್ದಂಗೇ ಬರ್ಸ್ಕಂಡ್ರಲ್ಲ.’

ನನಗೆ ಇದು ಆ ಚಿತ್ರದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ. ಚಿತ್ರವನ್ನು ತಳ್ಳಿಹಾಕದೆ, ಅದರ ನಗೆಯನ್ನೂ ಒಪ್ಪಿಕೊಂಡು, ಅದು ಯಾರ ಅಂಗಳದಿಂದ ಹುಟ್ಟಿದ ನಗೆ ಎಂದು ತೋರಿಸಿಕೊಡುತ್ತದೆ. ದಲಿತ ವಿಮರ್ಶೆ ಎಂದರೆ ಕೃತಿಯೊಳಗೆ ನಮ್ಮವರು ಎಷ್ಟು ಮಂದಿ ಇದ್ದಾರೆಂದು ತಲೆ ಎಣಿಸುವುದಲ್ಲ; ಈ ಕಥೆ ನಡೆಯಬೇಕಾದರೆ ಯಾರ ಕೈಯಲ್ಲಿ ಮೊದಲೇ ಏನಿರಬೇಕು ಎಂದು ಕೇಳುವುದು.

ಈ ವರ್ಷವೂ ‘ತಿಥಿ’ ತೋರಿಸುತ್ತೇನೆ. ಬರುವಾಗ ಮನೆಯ ಪಹಣಿಯ ಒಂದು ನಕಲು ತನ್ನಿ ಎಂದು ಹುಡುಗರಿಗೆ ಹೇಳಿದ್ದೇನೆ. ಪಹಣಿ ಇಲ್ಲದವರು ಬರಿಗೈಯಲ್ಲಿ ಬರಲಿ. ಪಾಠ ಅವರಿಂದ ಶುರುವಾಗಲಿ.